ಹಿಂದಿನ ಕೋಣೆಯ ಅತ್ತೆ

ಸೋಮವಾರ,
ಬೆಳಗಿನ ಮೇವು ಹಾಕಿ ಬಂದ ಮೇಲೆ

ನನ್ನ ಮೀನಿನ ಡಾಕ್ಟರಮ್ಮನಿಗೆ,

ಗಂಡನಿಂದ ಕಾಗದ ಬಂದಿದೆ ಎಂದು ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಮಗಳೂ ಅವಳ ಮನೆಯಲ್ಲಿ ಚೆನ್ನಾಗಿದ್ದಾಳೆ. ಮನೆಯ ಸೂರು ಇನ್ನೂ ತಲೆಯ ಮೇಲೆಯೇ ಇದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೀಯ. ಹೇಳಬಹುದಿತ್ತು. ಆದರೆ ನಮ್ಮ ಫೋನಿನ ಮಾತು ನಿನಗೆ ಗೊತ್ತೇ ಇದೆ. ಊಟ ಆಯ್ತಾ ಎಂದು ನೀನು, ಆಯ್ತು ಎಂದು ನಾನು. ಕೆಲಸ ಹೇಗಿದೆ ಎಂದು ನಾನು, ನಡೀತಿದೆ ಎಂದು ನೀನು. ಆಮೇಲೆ ಇಬ್ಬರೂ ಫೋನನ್ನು ಕಿವಿಗೆ ಒತ್ತಿಕೊಂಡು, ಯಾರು ಮೊದಲು ಇಡುತ್ತಾರೋ ಎಂದು ಕಾಯುತ್ತೇವೆ. ಕಾಗದದಲ್ಲಿ ಆ ಕಷ್ಟವಿಲ್ಲ. ನೀನು ನಡುವೆ ಬಾಯಿ ಹಾಕಲಾರೆ, ನಾನು ನಡುವೆ ಬಾಯಿ ಮುಚ್ಚಿಕೊಳ್ಳಲಾರೆ.

ವಿಷಯಕ್ಕೆ ಬರುತ್ತೇನೆ. ಮೇಷ್ಟ್ರ ಕೊಳಕ್ಕೆ ಕೆಂಪು ಹುಣ್ಣಿನ ರೋಗ ಬಂದಿದೆ. ನಿವೃತ್ತಿಯಾದ ಮೇಲೆ ಹೊತ್ತು ಹೋಗಲಿ ಎಂದು ನಮ್ಮ ಬೇಲಿಯಾಚೆ ಕೊಳ ತೋಡಿಸಿದ ಮನುಷ್ಯ ಅವರು. ಮೀನುಗಳನ್ನೂ ತರಗತಿಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಬಹುದು ಎಂದುಕೊಂಡಿದ್ದರು, ಪಾಪ. ಹೋದ ವಾರ ಬೇಲಿಯ ಬಳಿ ನಿಂತು ಕೂಗಿದರು. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ, ಮೇವು ಮುಟ್ತಾನೇ ಇಲ್ಲ, ಸ್ವಲ್ಪ ಬಂದು ನೋಡಿ ಅಂದರು. ಹೋಗಿ ನೋಡಿದೆ. ರೆಕ್ಕೆಯ ಬುಡದಲ್ಲೆಲ್ಲ ರಕ್ತ ಕಟ್ಟಿ ಕೆಂಪಾಗಿತ್ತು, ಹೊಟ್ಟೆ ಊದಿ ಹುರುಪೆಗಳು ಎದ್ದು ನಿಂತಿದ್ದವು, ಕೆಲವಕ್ಕೆ ಬೆನ್ನಿನ ಮೇಲೆ ಬಾಯ್ದೆರೆದ ಹುಣ್ಣು. ನಮ್ಮ ಮೀನೆಲ್ಲ ಸತ್ತ ಆ ಕೆಟ್ಟ ವರ್ಷದಲ್ಲಿ ನೋಡಿದ್ದೂ ಇದನ್ನೇ.

ಅವರ ಕೊಳದ ನೀರು ಹೊರಬಿದ್ದು ಸೇರುವುದು ನಾವು ನೀರು ಬಿಟ್ಟುಕೊಳ್ಳುವ ಕಾಲುವೆಗೇ ತಾನೇ. ಬಂದವನೇ ತೂಬು ಮುಚ್ಚಿದೆ. ಬಲೆ, ಬುಟ್ಟಿ, ಬೂಟು ಯಾವುದನ್ನೂ ಬೇಲಿ ದಾಟಿಸುತ್ತಿಲ್ಲ. ಮೇಷ್ಟ್ರು ಬಲೆ ಕೇಳಿದಾಗ ಹರಿದಿದೆ ಎಂದು ಸುಳ್ಳು ಹೇಳಿದೆ. ಆದರೆ ಅವರ ಕೊಳದಲ್ಲಿ ಕಾಲದ್ದಿ ನಮ್ಮ ಕೊಳಕ್ಕೆ ಬರುವ ಕೊಕ್ಕರೆಗೆ ಯಾವ ತೂಬು ಮುಚ್ಚಲಿ? ನಿನ್ನೆ ನಮ್ಮ ಮೂರನೆಯ ಕೊಳದಲ್ಲಿ ಒಂದು ಗೆಂಡೆ ಮೀನು ಸುಸ್ತಾಗಿ ದಡಕ್ಕೆ ಒರಗಿತ್ತು. ಎತ್ತಿ ನೋಡಿದರೆ ಬಾಲದ ಹತ್ತಿರ ಕೆಂಪು. ಸುಣ್ಣ ಹಾಕಿ ಹೂತು ಬಂದೆ. ಮಿಕ್ಕ ಎರಡು ಕೊಳಗಳು ಸದ್ಯಕ್ಕೆ ಸರಿಯಾಗಿವೆ, ಮೇವು ತಿನ್ನುತ್ತಿವೆ. ತಾಯಿ ಮೀನುಗಳ ಕೊಳಕ್ಕಂತೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾವಲು ಕೂತಿದ್ದೇನೆ.

ಔಷಧಿ ಅಂಗಡಿಯವನು ಬೈಕಿನಲ್ಲಿ ಬಂದು ಮೇಷ್ಟ್ರಿಗೆ ಒಂದು ಚೀಲ ಇಳಿಸಿದ. ಕೇಳದಿದ್ದರೂ ನಮ್ಮ ಜಗಲಿಯ ಮೇಲೂ ಒಂದನ್ನು ಇಟ್ಟ. ಮೇವಿಗೆ ಬೆರೆಸಿ ಹಾಕಿ ಸಾರ್, ಎಲ್ಲಾ ಸರಿಹೋಗುತ್ತೆ ಅಂದ. ಕೆಟ್ಟ ವರ್ಷದಲ್ಲೂ ಹೀಗೆಯೇ ಅಂದಿದ್ದ. ಆ ಔಷಧಿ ಮೀನಿನ ಹೊಟ್ಟೆಯಲ್ಲಿರುವ ಕಳ್ಳನನ್ನೂ ಕಾವಲುಗಾರನನ್ನೂ, ಅಂದರೆ ಕೆಟ್ಟ ಅಣುವನ್ನೂ ಒಳ್ಳೆಯ ಅಣುವನ್ನೂ, ಒಟ್ಟಿಗೇ ಹೊಡೆದುಹಾಕುತ್ತದೆ, ಆಮೇಲೆ ಖಾಲಿ ಮನೆಗೆ ಮೊದಲು ವಾಪಸು ಬರುವವನು ಕಳ್ಳನೇ, ಅದೂ ಆ ಔಷಧಿಗೆ ಚೆನ್ನಾಗಿ ಒಗ್ಗಿಕೊಂಡು, ಎಂದು ನೀನು ಹೇಳುತ್ತಿದ್ದದ್ದು ನನಗೆ ನೆನಪಿದೆ. ಅದಕ್ಕೇ ಚೀಲ ಬಿಚ್ಚಿಲ್ಲ. ಜಗಲಿಯಲ್ಲಿ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದೇನೆ.

ಹಿಂದಿನ ಕೋಣೆಯಲ್ಲಿ ಅತ್ತೆ ಇದ್ದಾರಲ್ಲ, ಮತ್ತೇನು ಭಯ ಎಂದು ನೀನು ಇಷ್ಟು ಹೊತ್ತಿಗೆ ಅಂದುಕೊಂಡಿರುತ್ತೀಯ. ಅದನ್ನು ಹೇಳಲಿಕ್ಕೇ ಈ ಕಾಗದ. ಅತ್ತೆ ಹೋಗಿಬಿಟ್ಟರು.

ಇದು ಬೇರೆ ಯಾರ ಕೈಗಾದರೂ ಸಿಕ್ಕಿದರೆ ನಮ್ಮ ಮನೆಯಲ್ಲಿ ಸೂತಕ ಎಂದುಕೊಂಡಾರು. ಆ ನೀಲಿ ಡ್ರಮ್ಮಿಗೆ ಅತ್ತೆ ಎಂದು ಹೆಸರಿಟ್ಟವಳು ನೀನು. ಹೊತ್ತುಹೊತ್ತಿಗೆ ಊಟ ಕೊಡಬೇಕು, ಬೆಚ್ಚಗಿಡಬೇಕು, ಗಾಳಿಯಾಡಬೇಕು, ಒಂದಿಷ್ಟು ತಡವಾದರೆ ಹುಳಿ ಮುಖ ಮಾಡಿಕೊಂಡು ಮನೆ ತುಂಬ ನಾತ ಎಬ್ಬಿಸುತ್ತಾರೆ, ಇವರು ಅತ್ತೆಯಲ್ಲದೆ ಇನ್ಯಾರು ಎಂದು ನೀನು ಅಂದಾಗ, ತೀರಿಹೋದ ನನ್ನ ಅಮ್ಮನ ನೆನಪಾಗಿ ನನಗೆ ಸಿಟ್ಟು ಬಂದಿತ್ತು. ವಾರ ಕಳೆಯುವುದರೊಳಗೆ ನಾನೂ ಕೊಳದಿಂದ ಬಂದವನೇ ಅತ್ತೆಗೆ ಊಟ ಆಯ್ತಾ ಎಂದು ಕೇಳತೊಡಗಿದ್ದೆ. ತೌಡಿನ ಗಂಜಿ, ಕಾಕಂಬಿ ಕದಡಿದ ಸಿಹಿ ನೀರು, ತಳದಲ್ಲಿ ಗಾಳಿಯ ಕೊಳವೆ. ಬದುಕಿದ್ದಾಗ ನನ್ನ ಅಮ್ಮನಿಗೂ ನಾವು ಇಷ್ಟು ಸೇವೆ ಮಾಡಿರಲಿಲ್ಲ.

ಅತ್ತೆ ನಮ್ಮ ಮನೆಗೆ ಬಂದದ್ದನ್ನು ಈಗ ಕೂತು ನೆನೆಯುತ್ತಿದ್ದೇನೆ. ಕೆಟ್ಟ ವರ್ಷ ಬುಟ್ಟಿಗಟ್ಟಲೆ ಮೀನು ಹೂತು ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಮೀನು ಸತ್ತದ್ದು ಯಾಕೆ ಎಂದು ಊರೆಲ್ಲ ಕೇಳಿತು. ನೀನೊಬ್ಬಳು ದಡದಲ್ಲಿ ನಿಂತು, ಉಳಿದ ನಾಲ್ಕಾರು ಮೀನು ಬದುಕಿದ್ದು ಯಾಕೆ ಎಂದು ಕೇಳಿದೆ. ಅವುಗಳಲ್ಲೊಂದನ್ನು ಕೊಯ್ದು, ಕರುಳಿನಲ್ಲಿ ಇದ್ದದ್ದನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಅಡುಗೆಮನೆಯ ಕಪಾಟಿನಲ್ಲಿ ಜೋಡಿಸಿದೆ. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ರೋಗಾಣು ಸಿಗುವ ಕಾಲ ಅದು. ಒಂದು ಬೆಳಿಗ್ಗೆ ಅರ್ಧ ಗಡ್ಡ ಹೆರೆದು ನಿಂತಿದ್ದ ನನ್ನನ್ನು ಎಳೆದುಕೊಂಡು ಹೋಗಿ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದೆ. ತಟ್ಟೆಯ ತುಂಬ ರೋಗಾಣು ಮಬ್ಬಾಗಿ ಹಬ್ಬಿತ್ತು. ಬದುಕಿದ ಮೀನಿನ ಕರುಳಿನ ಒಳ್ಳೆಯ ಅಣುವನ್ನು ಬೆಳೆಸಿ ನೀನು ಇಟ್ಟಿದ್ದ ಒಂದು ಬಿಳಿ ಚುಕ್ಕೆಯ ಸುತ್ತ ಮಾತ್ರ ಉಂಗುರದಷ್ಟು ಜಾಗ ತಿಳಿಯಾಗಿತ್ತು. ನನಗೇನೂ ಕಾಣ್ತಿಲ್ವಲ್ಲ ಅಂದೆ. ಏನೂ ಕಾಣದೇ ಇರೋ ಜಾಗಾನೇ ನೋಡಿ ಅಂತ ತಾನೇ ಹೇಳ್ತಿರೋದು ಅಂದೆ ನೀನು. ಅಲ್ಲಿಗೆ ರೋಗಾಣು ಕಾಲಿಡಲು ಆಗಿರಲಿಲ್ಲ. ಆ ಚುಕ್ಕೆಯ ಮರಿಮೊಮ್ಮಕ್ಕಳೇ ಡ್ರಮ್ಮಿನಲ್ಲಿದ್ದದ್ದು. ಅದನ್ನು ಮೇವಿಗೆ ಸವರಿ ಹಾಕತೊಡಗಿದ ಮೇಲೆ ಅಕ್ಕಪಕ್ಕದ ಕೊಳಗಳಿಗೆ ರೋಗ ಬಂದು ಹೋದರೂ ನಮ್ಮ ಕಡೆ ತಲೆ ಹಾಕಿರಲಿಲ್ಲ.

ಅತ್ತೆ ಹೋದದ್ದು ಹೇಗೆಂದರೆ, ಕರೆಂಟು ಹೋಗಿ ಗಾಳಿಯ ಯಂತ್ರ ನಿಂತಿತ್ತು. ಸೆಖೆ ಬೇರೆ. ನಾನೂ ಊಟ ಹಾಕುವುದನ್ನು ತಡ ಮಾಡಿದ್ದೆನೇನೋ. ಒಟ್ಟಿನಲ್ಲಿ ನೊರೆ ನಿಂತಿತು, ಹುಳಿ ವಾಸನೆ ಹೋಗಿ ಕೊಳೆತ ವಾಸನೆ ಬಂತು, ಮೇಲೆ ಗುಲಾಬಿ ಬಣ್ಣದ ಕೆನೆ ಕಟ್ಟಿತು. ಬಗ್ಗಿ ನೋಡಿದರೆ ಸಾಕು, ನೀನಿಲ್ಲದೆಯೂ ಗೊತ್ತಾಗುತ್ತಿತ್ತು. ಅಂಗಡಿಯಿಂದ ಇಂಥದೇ ಹೆಪ್ಪಿನ ಒಂದು ಪೊಟ್ಟಣ ತಂದು ಕಲಸಿ ನೋಡಿದೆ. ಅದು ಅಂಗಡಿಯ ಬಿಸಿಲಿನಲ್ಲಿ ಎಷ್ಟು ಕಾಲದಿಂದ ಬಿದ್ದಿತ್ತೋ, ಒಂದು ಗುಳ್ಳೆಯೂ ಏಳಲಿಲ್ಲ.

ಮನೆಯಲ್ಲಿ ಈಗ ಸದ್ದೇ ಇಲ್ಲ. ನೀನು ಹೊರಟ ದಿನ ಇಷ್ಟು ಗೊತ್ತಾಗಿರಲಿಲ್ಲ, ಯಾಕೆಂದರೆ ಹಿಂದಿನ ಕೋಣೆಯಲ್ಲಿ ಅತ್ತೆ ಗುಳುಗುಳು ಎನ್ನುತ್ತಲೇ ಇದ್ದರು. ಮುಂದಿನ ಕೋಣೆಯಲ್ಲಿ ಕೂತು ಆ ಸದ್ದು ಕೇಳಿದರೆ, ನೀನು ಅಲ್ಲೇ ಎಲ್ಲೋ ಏನೋ ತೊಳೆಯುತ್ತಿದ್ದೀಯ ಅನಿಸುತ್ತಿತ್ತು. ಈಗ ಗೋಡೆಯ ಗಡಿಯಾರ ಮಾತ್ರ. ಅದರ ಜೊತೆ ಎಷ್ಟು ಹೊತ್ತು ಮಾತಾಡುವುದು? ಒಲೆಯ ಮುಂದೆ ನಿಂತೇ, ಬಾಣಲೆಯಿಂದಲೇ ಊಟ ಮುಗಿಸುತ್ತೇನೆ. ತಟ್ಟೆ ತೊಳೆಯುವ ಸೋಮಾರಿತನ ಎಂದು ಮಗಳಿಗೆ ಹೇಳಿದ್ದೇನೆ. ನಿಜವೇನೆಂದರೆ ಮೇಜಿನ ಮುಂದೆ ಕೂತರೆ ಎದುರಿನ ನಿನ್ನ ಕುರ್ಚಿಯ ಸುತ್ತ ಆ ಗಾಜಿನ ತಟ್ಟೆಯಲ್ಲಿ ಚುಕ್ಕೆಯ ಸುತ್ತ ಕಂಡಂಥದೇ ಖಾಲಿ ಜಾಗ, ನನಗೆ ಅಲ್ಲಿ ಕೂರಲಾಗುವುದಿಲ್ಲ. ಬೇಸರವಾಗುತ್ತದೆ. ಈ ಒಂದು ಮಾತನ್ನು ಫೋನಿನಲ್ಲಿ ಹೇಳಲು ಎಷ್ಟು ಸಲ ಬಾಯಿ ತೆರೆದೆನೋ, ಪ್ರತಿ ಸಲವೂ ಸೆಖೆ ಜಾಸ್ತಿ ಎಂದು ಹೇಳಿ ಇಟ್ಟಿದ್ದೇನೆ.

ತಾಯಿ ಮೀನುಗಳ ಕೊಳದಲ್ಲಿ ನಿನ್ನ ಅಜ್ಜಿ ಮೀನು ಚೆನ್ನಾಗಿದ್ದಾಳೆ. ಕೆಟ್ಟ ವರ್ಷ ದಾಟಿ ಬಂದವಳಲ್ಲವೇ, ಗಟ್ಟಿ ಜೀವ. ಆದರೆ ನೀನು ಮಾಡುತ್ತಿದ್ದಂತೆ ಡಬ್ಬಿ ತಟ್ಟಿದರೆ ಮೇಲೆ ಬರುತ್ತಾಳೆ, ದಡದಲ್ಲಿ ನಿಂತಿರುವುದು ನಾನು ಎಂದು ನೋಡುತ್ತಾಳೆ, ತಿರುಗಿ ತಳಕ್ಕೆ ಹೋಗುತ್ತಾಳೆ. ಮೇವನ್ನು ನಾನು ಆಚೆ ಹೋದ ಮೇಲೆಯೇ ತಿನ್ನುವುದು. ಇಷ್ಟು ವರ್ಷ ಅವಳ ಕೊಳದ ನೀರು ಬದಲಿಸಿದವನು ನಾನು, ಮುಖ ತಿರುಗಿಸುವುದೂ ನನಗೇ. ಮೂಲದ ಆ ಚುಕ್ಕೆ ಅವಳ ಹೊಟ್ಟೆಯಲ್ಲೂ ಇದ್ದೇ ಇರುತ್ತದೆ, ಕೊಯ್ದು ತೆಗೆದರೆ ಸಿಗುತ್ತದೆ ಎಂದು ಒಂದು ಗಳಿಗೆ ಯೋಚನೆ ಬಂತು. ಮರುಗಳಿಗೆಯೇ ನನಗೆ ನಾನೇ ಛೀಮಾರಿ ಹಾಕಿಕೊಂಡೆ. ಅವಳ ಮೇಲೆ ಕತ್ತಿ ಹಾಕಲು ನನ್ನ ಕೈಯಲ್ಲಾಗುವುದಿಲ್ಲ. ಹಾಕಿದರೂ ತಟ್ಟೆಯಲ್ಲಿ ಯಾವ ಚುಕ್ಕೆ ಯಾವುದು ಎಂದು ಗುರುತಿಸುವ ಕಣ್ಣು ನಿನ್ನ ಜೊತೆ ಹೋಗಿದೆ.

ಇಷ್ಟು ಬರೆದು ಎದ್ದು ಹೋಗಿ ಕೊಳಗಳಿಗೆ ಒಂದು ಸುತ್ತು ಬಂದೆ. ಮೂರನೆಯದರಲ್ಲಿ ಇನ್ನೊಂದು ಮೀನು ದಡಕ್ಕೆ ಬಂದಿತ್ತು. ಅದನ್ನೂ ಹೂತು ಕೈ ತೊಳೆದು ಬಂದು ಕೂತಿದ್ದೇನೆ. ಮೇಲೆ ಬರೆದದ್ದನ್ನು ಓದಿದೆ. ಕರೆಂಟಿನ ವಿಷಯ ಹೊಡೆದುಹಾಕಬೇಕು ಅನಿಸಿತು, ಆದರೆ ಗೀಚಿದರೆ ನೀನು ಕಾಗದವನ್ನು ಬೆಳಕಿಗೆ ಹಿಡಿದು ಅದನ್ನೇ ಮೊದಲು ಓದುತ್ತೀಯ. ಇರಲಿ. ಕರೆಂಟು ಹೋಗಿರಲಿಲ್ಲ. ಊಟ ತಡವಾಗಿರಲೂ ಇಲ್ಲ. ಅತ್ತೆಯನ್ನು ಕೊಂದವನು ನಾನೇ.

ಹದಿನೈದು ದಿನಗಳ ಹಿಂದೆ ಮಗಳು ಫೋನು ಮಾಡಿ, ಅಮ್ಮ ಭಾನುವಾರ ನನ್ನ ಹತ್ರ ಬರ್ತಾಳಂತೆ, ಬಸ್ಸು ನಿಮ್ಮ ರಸ್ತೆ ಮೇಲೇ ಬರೋದು, ಇಳಿದು ಒಂದು ಗಳಿಗೆ ಮನೆಗೆ ಬಂದರೂ ಬರಬಹುದು ಅಂದಳು. ಬಂದರೂ ಬರಬಹುದು ಎಂದಷ್ಟೇ ಅವಳು ಹೇಳಿದ್ದು. ನಾನು ಬಂದೇ ಬರುತ್ತೀಯ ಎಂದು ಕೇಳಿಸಿಕೊಂಡೆ. ಮನೆ ನೋಡಿದೆ, ನಾಚಿಕೆಯಾಯಿತು. ಪರದೆ ಒಗೆದೆ. ಕಿಟಕಿ ಒರೆಸಿದೆ. ಬಾಗಿಲಿನ ಹತ್ತಿರ ನೀನು ಬಿಟ್ಟು ಹೋದ ಗಂಬೂಟಿನಲ್ಲಿ ಒಂದು ಕಪ್ಪೆ ಸಂಸಾರ ಹೂಡಿತ್ತು, ಅದನ್ನು ಮರ್ಯಾದೆಯಿಂದ ಹೊರಗೆ ಕಳಿಸಿ ಬೂಟು ತೊಳೆದಿಟ್ಟೆ. ಆಮೇಲೆ ಹಿಂದಿನ ಕೋಣೆಗೆ ಬಂದೆ. ಈ ನಾತ ಮುಂದಿನ ಕೋಣೆಗೂ ಬರುತ್ತೆ ಎಂದು ನೀನು ಯಾವಾಗಲೂ ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದು ತಲೆಯಲ್ಲಿ ಕೂತಿತ್ತು. ಡ್ರಮ್ಮಿನಲ್ಲಿದ್ದದ್ದನ್ನೆಲ್ಲ ಮೇವಿಗೆ ಕಲಸಿ ಮುಗಿಸಿ, ಮುಂದಿನ ಸಲಕ್ಕೆ ಹೆಪ್ಪಿನಷ್ಟು ಮಾತ್ರ ಒಂದು ಕ್ಯಾನಿನಲ್ಲಿ ತೆಗೆದಿಟ್ಟುಕೊಂಡೆ. ಡ್ರಮ್ಮಿಗೆ ಬೊಗಸೆ ಬೊಗಸೆ ಬ್ಲೀಚಿಂಗ್ ಪೌಡರ್ ಸುರಿದು, ಬ್ರಷ್ಷು ಹಾಕಿ ತಿಕ್ಕಿ, ಹೊಸದರಂತೆ ಹೊಳೆಯುವವರೆಗೆ ಬಿಡಲಿಲ್ಲ. ಅಷ್ಟು ಚೆನ್ನಾಗಿ ತಿಕ್ಕಿದವನು ಅಷ್ಟೇ ಚೆನ್ನಾಗಿ ಜಾಲಿಸಿದ್ದರೆ ಆಗುತ್ತಿತ್ತು. ತಳದಲ್ಲಿ ಪುಡಿ ಮಂದವಾಗಿ ಕೂತಿತ್ತು, ನಾನು ಹೊಳಪು ನೋಡುತ್ತಾ ನಿಂತೆ. ಕ್ಯಾನಿನಲ್ಲಿದ್ದದ್ದನ್ನು ಒಂದು ಹನಿಯೂ ಉಳಿಸದೆ ಅದರೊಳಗೇ ಸುರಿದೆ. ರೋಗಾಣು ಕೊಲ್ಲುವ ಪುಡಿ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಕೇಳಿಕೊಂಡು ಕೊಲ್ಲುವುದಿಲ್ಲ ಎಂದು ನೀನು ನನಗೆ ಎಷ್ಟು ಸಲ ಹೇಳಿಲ್ಲ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದೆ. ಬೇಲಿಯಾಚೆಯಿಂದ ಮೇಷ್ಟ್ರು, ಏನು, ಯಾರಾದ್ರೂ ಬರೋರಿದ್ದಾರಾ ಅಂದರು. ಇಲ್ಲ, ಸುಮ್ಮನೆ ಅಂದೆ. ಬಸ್ಸು ಬಂತು, ರಸ್ತೆಯ ತಿರುವಿನಲ್ಲಿ ನಿಧಾನವಾಯಿತು, ಆಮೇಲೆ ಹೋಯಿತು. ಕಿಟಕಿಯಲ್ಲಿ ನೀನಿದ್ದೆಯೋ ಇಲ್ಲವೋ ನನಗೆ ಕಾಣಲಿಲ್ಲ. ಸಂಜೆ ಮಗಳು, ಅಮ್ಮ ಬಂದು ತಲುಪಿದಳು, ಸುಸ್ತಾಗಿದ್ದಳು, ಅದಕ್ಕೇ ನೇರ ಬಂದಳು ಎಂದು ಹೇಳಿದಳು. ಹೌದಾ, ಒಳ್ಳೆಯದಾಯ್ತು ಎಂದೆ. ಏನು ಒಳ್ಳೆಯದಾಯಿತೋ ನನಗೂ ಗೊತ್ತಿಲ್ಲ. ಇದನ್ನು ನಿನ್ನ ಮೇಲಿನ ದೂರು ಎಂದು ತಿಳಿಯಬೇಡ. ಬರುತ್ತೇನೆಂದು ನೀನು ಹೇಳಿರಲಿಲ್ಲ, ಬಾ ಎಂದು ನಾನು ಕರೆದಿರಲಿಲ್ಲ.

ಮೀನುಮರಿ ಕೇಂದ್ರದವರು ಒಂದು ಹಂಗಾಮಿಗೆ ಬನ್ನಿ ಎಂದು ನಿನ್ನನ್ನು ಕರೆದಾಗಲೂ ಹೀಗೇ ಆಯಿತು. ಹೋಗಲಾ ಬೇಡವಾ ಎಂದು ನೀನು ಕೇಳಿದೆ. ನಿನ್ನಿಷ್ಟ ಎಂದೆ. ಅಲ್ಲಿ ಸರಿಯಾದ ಪ್ರಯೋಗಶಾಲೆ ಇದೆ, ಅಡುಗೆಮನೆಯ ಕಪಾಟಿಗಿಂತ ದೊಡ್ಡ ಜಾಗ ನಿನಗೆ ಸಿಗಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ನೀನಿಲ್ಲದೆ ನನಗೆ ಆಗುವುದಿಲ್ಲ ಎಂದೂ ಇತ್ತು. ಎರಡನ್ನೂ ನುಂಗಿ ನಿನ್ನಿಷ್ಟ ಎಂದೆ. ನೀನು ಪೆಟ್ಟಿಗೆ ತುಂಬಿಕೊಂಡು, ಅತ್ತೆಯಿಂದ ಒಂದು ಸಣ್ಣ ಬಾಟಲಿ ತುಂಬಿಸಿಕೊಂಡು ಹೊರಟೆ. ಒಂದು ಹಂಗಾಮು ಎರಡಾಯಿತು. ಯಾವಾಗ ಬರುತ್ತೀಯ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆ ಕೊಟ್ಟುಕೊಂಡು ಕೂತಿದ್ದೇವೆ.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಆ ಬಾಟಲಿಯ ಸಂತಾನ ನಿನ್ನ ಹತ್ತಿರ ಜೀವಂತವಾಗಿದೆ ಎಂದು ಮಗಳು ಹೇಳಿದಳು. ಅದರಲ್ಲಿ ಸ್ವಲ್ಪ ಬೇಕು. ಹಿಡಿದ ರೋಗವನ್ನು ಅದು ಬಿಡಿಸುವುದಿಲ್ಲ, ಹಿಡಿಯದ ಹಾಗೆ ಕಾಯುತ್ತದೆ ಎಂದು ನೀನೇ ಹೇಳಿದ್ದೀಯ. ಮೂರನೆಯ ಕೊಳದ ಬಗ್ಗೆ ನಾನು ಆಸೆ ಇಟ್ಟುಕೊಂಡಿಲ್ಲ. ಆದರೆ ಮಿಕ್ಕ ಎರಡರ ಮೀನುಗಳು ಇನ್ನೂ ಮೇವು ತಿನ್ನುತ್ತಿವೆ, ತಿನ್ನುತ್ತಿರುವಾಗಲೇ ಹೊಟ್ಟೆಗೆ ಸೇರಿಸಬೇಕು. ಅಜ್ಜಿಯೂ ಅಲ್ಲಿದ್ದಾಳೆ. ಶನಿವಾರದವರೆಗೆ ಹಲ್ಲು ಕಚ್ಚಿ ತಡೆಯುತ್ತೇನೆ. ಅಷ್ಟರೊಳಗೆ ಅತ್ತೆ ವಾಪಸು ಬರದಿದ್ದರೆ ಜಗಲಿಯ ಚೀಲ ಬಿಚ್ಚದೆ ಗತಿಯಿಲ್ಲ. ಒಮ್ಮೆ ಬಿಚ್ಚಿದರೆ ಅವುಗಳ ಹೊಟ್ಟೆಯಲ್ಲಿ ಉಳಿದಿರುವ ಹಳೆಯ ಕಾವಲೂ ಹೋಗುತ್ತದೆ.

ಒಂದೇ ತೊಂದರೆ. ಇದು ಜೀವ ಇರುವ ಪದಾರ್ಥ, ಅಂಚೆಯಲ್ಲಿ ಕಳಿಸಿದರೆ ದಾರಿಯಲ್ಲೇ ಸತ್ತುಹೋಗುತ್ತದೆ. ಯಾರಾದರೂ ಬಾಟಲಿಯನ್ನು ಕೈಯಲ್ಲೇ ಹಿಡಿದು ತರಬೇಕು. ಬೇರೆಯವರ ಕೈಗೆ ಕೊಟ್ಟರೆ ಬಿಸಿಲಿನಲ್ಲಿಟ್ಟುಬಿಡುತ್ತಾರೆ. ಆದ್ದರಿಂದ ನಿನಗೆ ಬಿಡುವಿದ್ದರೆ ನೀನೇ ಬಂದರೆ ಅನುಕೂಲ. ಡ್ರಮ್ಮನ್ನು ಈ ಸಲ ಬರೀ ನೀರಿನಲ್ಲಿ ಜಾಲಿಸಿ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿದ್ದೇನೆ. ತೌಡು ತಂದಿದ್ದೇನೆ, ಕಾಕಂಬಿಯೂ ಇದೆ. ನಾತ ಬಂದರೆ ಬರಲಿ.

ಮೈ ನೋಡಿಕೋ. ನಿಂತೇ ಕೆಲಸ ಮಾಡಬೇಡ, ನಿನ್ನ ಕಾಲು ಊದಿಕೊಳ್ಳುತ್ತದೆ.

ಇಂತಿ,
ಅಜ್ಜಿ ಮೀನು ಮುಖ ಕೊಟ್ಟು ಮಾತಾಡದ,
ನಿನ್ನ ಗಂಡ

ತಾ.ಕ.: ಅಂಚೆಯಲ್ಲಿ ಸತ್ತುಹೋಗುತ್ತದೆ ಎಂದು ಓದಿದ ಕೂಡಲೇ ನೀನು ನಕ್ಕಿರುತ್ತೀಯ, ಅಥವಾ ಸಿಟ್ಟಾಗಿರುತ್ತೀಯ. ಕಷ್ಟಕಾಲ ಬಂದರೆ ಅತ್ತೆಯ ಸಂತಾನ ಮೈಮೇಲೆ ಗಟ್ಟಿ ಚಿಪ್ಪು ಹೊದ್ದುಕೊಂಡು ಮಲಗುತ್ತದೆ, ಒಣಗಿಸಿ ಕಾಗದದಲ್ಲಿ ಮಡಿಚಿಟ್ಟರೂ ಸಾಯುವುದಿಲ್ಲ, ಬೆಚ್ಚಗಿನ ಸಿಹಿ ನೀರು ಸಿಕ್ಕಿದರೆ ಎದ್ದು ಕೂರುತ್ತದೆ ಎಂದು ನನಗೆ ಕಲಿಸಿದವಳೇ ನೀನು. ನಾನು ಮರೆತಿಲ್ಲ. ಇದರೊಳಗೆ ನನ್ನ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಒಂದು ಲಕೋಟೆ ಇದೆ, ಅದರಲ್ಲಿ ಒಂದು ತುಂಡು ಹೀರುಕಾಗದವೂ ಇದೆ. ನಾಲ್ಕು ಹನಿ ಹಾಕಿ ಒಣಗಿಸಿ ಕಳಿಸಿದರೆ ಮೀನುಗಳು ಉಳಿಯುತ್ತವೆ. ಮೀನಿನ ಮಟ್ಟಿಗೆ ಅಷ್ಟು ಸಾಕು. ಆದರೆ ಈ ಸಲ ನಿನ್ನಿಷ್ಟ ಎಂದು ಬರೆಯುವುದಿಲ್ಲ. ಆ ಲಕೋಟೆಯನ್ನು ನೀನು ಖಾಲಿಯಾಗಿಯೇ, ಬಾಟಲಿಯ ಜೊತೆ ಕೈಯಲ್ಲಿ ಹಿಡಿದುಕೊಂಡು ಬಸ್ಸಿನಿಂದ ಇಳಿಯಬೇಕು ಎಂಬುದು ನನ್ನಿಷ್ಟ.